ಇರುಳ ದಾರಿಯ ಲೆಕ್ಕ

ಬೆಂಗಳೂರಿನ ಚರಿತ್ರೆ ಎಂದು ನಾನು ಓದಿದ ಪುಸ್ತಕಗಳಲ್ಲಿ ಹೆಚ್ಚಿನವು ಹಗಲಿನ ಚರಿತ್ರೆಗಳು. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸಿದ್ದು, ಪೇಟೆಗಳು ಬೆಳೆದದ್ದು, 1809ರಲ್ಲಿ ದಂಡು ಬಂದು ನೆಲೆಯೂರಿದ್ದು, ಆಮೇಲೆ ಗಿರಣಿಗಳು, ಕಾರ್ಖಾನೆಗಳು, ಕಂಪ್ಯೂಟರುಗಳು ಬಂದದ್ದು, ಎಲ್ಲವೂ ಸೂರ್ಯನ ಬೆಳಕಿನಲ್ಲೇ ನಡೆದುಹೋದಂತೆ ಓದಿಸಿಕೊಳ್ಳುತ್ತವೆ. ದೀಪ ಹಚ್ಚುವ ಹೊತ್ತಾದ ಮೇಲೆ ಈ ಊರಿನ ಜನ ಹೇಗೆ ಮನೆ ಸೇರುತ್ತಿದ್ದರು, ಯಾರಿಗೆ ಹೊರಗೆ ತಿರುಗಾಡುವ ಧೈರ್ಯವಿತ್ತು, ಯಾರಿಗೆ ಇರಲಿಲ್ಲ ಎಂಬ ವಿಷಯಕ್ಕೆ ಅಲ್ಲಿ ಒಂದು ಪುಟವೂ ಸಿಗುವುದು ಕಷ್ಟ. ನಾನು ಚರಿತ್ರೆ ಕಲಿತವಳಲ್ಲ. 1979ರಿಂದ 2015ರವರೆಗೆ ಈ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದವಳು. ಮೂವತ್ತಾರು ವರ್ಷಗಳಲ್ಲಿ ಎಷ್ಟು ರಾತ್ರಿಗಳನ್ನು ವಾರ್ಡಿನಲ್ಲಿ ಕಳೆದೆನೋ ಅಷ್ಟೇ ರಾತ್ರಿಗಳನ್ನು ಬಸ್‌ಸ್ಟಾಪಿನಲ್ಲೂ ಕಳೆದಿದ್ದೇನೆ. ಹಾಗಾಗಿ ರಾತ್ರಿಯ ಬಗ್ಗೆ ನಾಲ್ಕು ಮಾತು ಆಡಲು ನನಗೂ ಹಕ್ಕಿದೆ ಎಂದುಕೊಂಡಿದ್ದೇನೆ.

ಹಳೆಯ ಪೇಟೆಗೆ ಸುತ್ತ ಮಣ್ಣಿನ ಗೋಡೆ, ಕಂದಕ, ಮುಳ್ಳಿನ ಪೊದೆಯ ಬೇಲಿ ಇದ್ದವು. ಹಲಸೂರು ಬಾಗಿಲು, ಯಲಹಂಕ ಬಾಗಿಲು, ಆನೇಕಲ್ ಬಾಗಿಲು, ಸೊಂಡೆಕೊಪ್ಪದ ಬಾಗಿಲು ಎಂದು ದಿಕ್ಕಿಗೊಂದು ಬಾಗಿಲು. ಹಲಸೂರು ಗೇಟಿನ ಹೆಸರು ಪೊಲೀಸ್ ಠಾಣೆಯ ಬೋರ್ಡಿನಲ್ಲಿ ಇವತ್ತಿಗೂ ಉಳಿದಿದೆ. ರಾತ್ರಿ ಬಾಗಿಲು ಹಾಕಿ ಅಗುಳಿ ಜಡಿದರೆ ಒಳಗಿದ್ದವರು ಸುರಕ್ಷಿತ, ಹೊರಗಿದ್ದವರು ದೇವರ ಪಾಲು. ಕೋಟೆ ಕಟ್ಟಿದ ಊರುಗಳ ಲೆಕ್ಕವೇ ಅದು. ಆದರೆ ಆ ಲೆಕ್ಕ ತಪ್ಪಿದ್ದೂ ಇದೇ ಊರಿನಲ್ಲಿ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲನ್ನು ಒಡೆದು ಪೇಟೆಗೆ ನುಗ್ಗಿತು. ಎರಡು ವಾರದ ಮೇಲೆ, ಮಾರ್ಚ್ 21ರ ಬೆಳದಿಂಗಳ ರಾತ್ರಿ, ಕಲ್ಲಿನ ಕೋಟೆಯೂ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತ ಅಲ್ಲೇ ಮಡಿದ. ಗೋಡೆಯ ಮೇಲೆ ಎಷ್ಟು ನಂಬಿಕೆ ಇಡಬಹುದು ಎಂಬ ಪಾಠವನ್ನು ಊರು ಅಂದೇ ಕಲಿಯಬೇಕಾಗಿತ್ತು. ಪೇಟೆಯ ಗೋಡೆಗಳು ಕಾಲಕ್ರಮದಲ್ಲಿ ಬಿದ್ದುಹೋದವು, ಕಂದಕಗಳು ಮುಚ್ಚಿಹೋದವು. ಬಾಗಿಲು ಹಾಕಿಕೊಳ್ಳುವ ಬುದ್ಧಿ ಮಾತ್ರ ಹೋಗಲಿಲ್ಲ. ಅದು ಊರಬಾಗಿಲನ್ನು ಬಿಟ್ಟು ಮನೆಬಾಗಿಲಿಗೆ ಬಂತು. ದೀಪ ಹಚ್ಚುವ ಮೊದಲು ಹೆಣ್ಣುಮಕ್ಕಳು ಒಳಗಿರಬೇಕು ಎಂಬ ಕಟ್ಟಳೆ ಸೊಂಡೆಕೊಪ್ಪದ ಬಾಗಿಲಿಗಿಂತ ಗಟ್ಟಿಯಾಗಿ ನಿಂತಿತು.

ಎರಡನೆಯ ಉಪಾಯ ಬೆಳಕು. 1898ರಲ್ಲಿ ಊರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯ ಓಣಿಗಳಿಂದ ಜನರನ್ನು ಹೊರಗೆ ತರಬೇಕೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಒತ್ತು ಬಂತು. ಅಗಲವಾದ ರಸ್ತೆ, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡುವ ಸಂದಿ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರ ಆಗಸ್ಟ್ 5ರಂದು. ಈ ದೇಶದಲ್ಲಿ ವಿದ್ಯುತ್ ಬೀದಿದೀಪವನ್ನು ಮೊದಮೊದಲು ಕಂಡ ಊರುಗಳಲ್ಲಿ ನಮ್ಮದೂ ಒಂದು ಎಂದು ನಾವು ಹೆಮ್ಮೆ ಪಡುತ್ತೇವೆ. ಪಡಬೇಕಾದ್ದೇ. ಆದರೆ ದೀಪದ ಚರಿತ್ರೆಯಲ್ಲಿ ಒಂದು ಸಣ್ಣ ಸಂಗತಿ ಅಡಗಿದೆ. ದೀಪ ಇರುವುದು ದೊಡ್ಡ ರಸ್ತೆಗೆ. ಮನೆ ಇರುವುದು ಸಣ್ಣ ರಸ್ತೆಯಲ್ಲಿ. ಬಸ್ಸಿಳಿಯುವವರೆಗೆ ಬೆಳಕು, ಇಳಿದ ಮೇಲೆ ಇನ್ನೂರು ಹೆಜ್ಜೆ ಕತ್ತಲೆ. ಅಂಜಿಕೆ ಇರುವುದು ಆ ಇನ್ನೂರು ಹೆಜ್ಜೆಯಲ್ಲಿ. ನಾವು ನರ್ಸುಗಳು ಬಾಡಿಗೆ ಮನೆ ಹುಡುಕುವಾಗ ನೀರು ಬರುತ್ತದೆಯೇ ಎಂದು ಎರಡನೆಯದಾಗಿ ಕೇಳುತ್ತಿದ್ದೆವು. ಮೊದಲು ನೋಡುತ್ತಿದ್ದದ್ದು ಬಸ್‌ಸ್ಟಾಪಿನಿಂದ ಮನೆಯವರೆಗೆ ಎಷ್ಟು ಕಂಬ, ಅದರಲ್ಲಿ ಎಷ್ಟು ಉರಿಯುತ್ತವೆ ಎಂದು.

ಬಾಗಿಲು ಮತ್ತು ಬೆಳಕು ಎರಡೂ ಸರ್ಕಾರ ಕೊಡಬಹುದಾದವು. ಮೂರನೆಯದೊಂದಿದೆ. ಅದನ್ನು ಊರೇ ಕೊಡಬೇಕು. ಅದು ಜೊತೆ.

ನಾನು ಹೊನ್ನಾವರದ ಕಡೆಯವಳು. ನಮ್ಮಲ್ಲಿ ಯಕ್ಷಗಾನದ ಆಟ ನೋಡಲು ಹೆಂಗಸರು ಮಕ್ಕಳೆಲ್ಲ ರಾತ್ರಿ ಊಟ ಮುಗಿಸಿ, ತೆಂಗಿನ ಗರಿಯ ಸೂಡಿ ಬೀಸಿಕೊಂಡು, ಗದ್ದೆಯ ಅಂಚಿನ ಮೇಲೆ ಸಾಲಾಗಿ ನಡೆಯುತ್ತಿದ್ದೆವು. ಕಣ್ಣೆದುರಿಗೆ ಕಾಣುವುದು ಆರು ಮೊಳ ಜಾಗ. ಸುತ್ತ ಕಗ್ಗತ್ತಲೆ, ಕೆಳಗೆ ಹಾವಿನ ಭಯ. ಆದರೂ ಆ ದಾರಿಯಲ್ಲಿ ನನಗೆ ಮನುಷ್ಯರ ಭಯವಾದ ನೆನಪಿಲ್ಲ. ಮುಂದೆ ದೊಡ್ಡಮ್ಮ, ಹಿಂದೆ ಆಯಿ, ಅವರ ಹಿಂದೆ ನೆರೆಮನೆಯವರು. ಬೆಳಕು ಕಡಿಮೆ ಇತ್ತು, ಜನ ಜಾಸ್ತಿ ಇದ್ದರು.

ಬೆಂಗಳೂರಿಗೂ ಅಂಥ ರಾತ್ರಿಗಳು ಇವೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟರೆ ಹಳೆಯ ಪೇಟೆ ಬೆಳಗಿನವರೆಗೆ ಮಲಗುವುದಿಲ್ಲ. ಕತ್ತಿ ಹಿಡಿದ ವೀರಕುಮಾರರು, ಮಲ್ಲಿಗೆಯ ವಾಸನೆ, ಮಸ್ತಾನ್ ಸಾಹೇಬರ ದರ್ಗಾದ ಮುಂದೆ ನಿಂತು ಹೋಗುವ ಕರಗ. ಮಗು ಎತ್ತಿಕೊಂಡ ತಾಯಂದಿರು ರಾತ್ರಿ ಮೂರು ಗಂಟೆಗೆ ಬೀದಿಯಲ್ಲಿ ನಿಂತಿರುತ್ತಾರೆ. ಚಾಮರಾಜಪೇಟೆಯಲ್ಲಿ 1939ರಿಂದ ನಡೆದು ಬಂದಿರುವ ರಾಮನವಮಿಯ ಸಂಗೀತ ಕಛೇರಿಗಳೂ ಹಾಗೆಯೇ. ಕಛೇರಿ ಮುಗಿದ ಮೇಲೆ ಜನ ರಾಗದ ಬಗ್ಗೆ ವಾದಿಸುತ್ತ ನಡೆದು ಮನೆಗೆ ಹೋಗುತ್ತಿದ್ದರು. ಗಾಂಧಿನಗರದ ಸೆಕೆಂಡ್ ಶೋ ಬಿಟ್ಟಾಗಲೂ ಒಂದು ಗಳಿಗೆ ಬೀದಿ ತುಂಬ ಸಂಸಾರಸ್ಥರು. ಇದೇ ಊರು, ಇದೇ ರಾತ್ರಿ. ಒಂದು ದಿನ ಹೆಂಗಸರು ಬೆಳಗಿನವರೆಗೆ ಬೀದಿಯಲ್ಲಿರಬಹುದು, ಮರುದಿನ ಒಂಬತ್ತು ಗಂಟೆಗೆ ಇರಬಾರದು ಎಂದಾದರೆ, ವ್ಯತ್ಯಾಸ ಇರುವುದು ಬೀದಿಯಲ್ಲಿ ಉಳಿದವರು ಎಷ್ಟು ಜನ, ಅವರು ಯಾರು ಎಂಬುದರಲ್ಲಿ.

ನಾನು 1975ರಲ್ಲಿ ತರಬೇತಿಗೆ ಬಂದಾಗ ಆಯಿಯನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಕಾರಣವಿತ್ತು. ನಮ್ಮ ಹೊನ್ನಾವರ ತಾಲೂಕಿನದೇ ಹಳದೀಪುರದ ಅರುಣಾ ಶಾನಭಾಗ ಎಂಬ ನರ್ಸು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. 1973ರ ನವೆಂಬರ್ 27ರ ಸಂಜೆ, ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋದಾಗ, ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ನಿಂತು ಅವರು ಮತ್ತೆ ಎದ್ದು ನಡೆಯಲಿಲ್ಲ. ಸುದ್ದಿ ನಮ್ಮ ಕಡೆಗೆ ತಲುಪಿದಾಗ ಜನ ಆಡಿದ್ದು ಒಂದೇ ಮಾತು: ಹೆಣ್ಣುಮಕ್ಕಳನ್ನು ಪಟ್ಟಣಕ್ಕೆ ಕಳಿಸಿದರೆ ಹೀಗೆಯೇ. ಅರುಣಾ ಬೀದಿಯಲ್ಲಿರಲಿಲ್ಲ, ನಡುರಾತ್ರಿಯಲ್ಲಿರಲಿಲ್ಲ, ಕೆಲಸದ ಜಾಗದೊಳಗೇ ಇದ್ದರು ಎಂಬುದನ್ನು ಯಾರೂ ಗಮನಿಸಲಿಲ್ಲ. ಅಪ್ಪಯ್ಯ ಮಾತ್ರ, "ಹುಡುಗಿ ಓದಿದ್ದು ಒಲೆಗೆ ಹಾಕೂಕಲ್ಲ" ಎಂದು ನನ್ನ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದರು.

ಆಗಿನ ಬೆಂಗಳೂರು ದೊಡ್ಡದಾಗುತ್ತಿದ್ದ ಊರು. 1971ರ ಜನಗಣತಿಯಲ್ಲಿ ಹದಿನಾರೂವರೆ ಲಕ್ಷವಿದ್ದದ್ದು 1981ಕ್ಕೆ ಇಪ್ಪತ್ತೊಂಬತ್ತು ಲಕ್ಷವಾಯಿತು. ಬಡಾವಣೆಗಳು ಬೆಳೆದಷ್ಟು ಬೇಗ ಬಸ್ಸುಗಳು ಬೆಳೆಯಲಿಲ್ಲ. ಎರಡನೆಯ ಪಾಳಿ ರಾತ್ರಿ ಎಂಟಕ್ಕೆ ಮುಗಿಯಬೇಕು. ಮುಂದಿನವರಿಗೆ ವಾರ್ಡು ಒಪ್ಪಿಸಿ, ಲೆಕ್ಕ ಬರೆದು ಹೊರಡುವಾಗ ಎಂಟೂವರೆ ಒಂಬತ್ತು. ನಮ್ಮ ವಾರ್ಡಿನ ಹಿರಿಯ ಆಯಾ ಒಬ್ಬರು ಹೊಸ ಹುಡುಗಿಯರಿಗೆಲ್ಲ ಪಾಠ ಹೇಳುತ್ತಿದ್ದರು. ಬಸ್‌ಸ್ಟಾಪಿನಲ್ಲಿ ನಿಲ್ಲಬೇಡ, ಪಕ್ಕದ ಬೀಡಾ ಅಂಗಡಿಯ ಬೆಳಕಿನಲ್ಲಿ ನಿಲ್ಲು, ಅಂಗಡಿಯವನ ಪರಿಚಯ ಮಾಡಿಕೋ. ಬಸ್ಸಿನಲ್ಲಿ ಕಂಡಕ್ಟರಿಗೆ ಕಾಣುವ ಸೀಟಿನಲ್ಲಿ ಕೂರು. ಆಟೋ ಹತ್ತಿದರೆ ಒಳಗೆ ಡ್ರೈವರನ ಗೆಳೆಯ ಕೂತಿದ್ದಾನೆಯೇ ನೋಡು, ಕೂತಿದ್ದರೆ ಹತ್ತಬೇಡ. ನಂಬರನ್ನು ಅವನಿಗೆ ಕಾಣುವಂತೆಯೇ ಚೀಟಿಯಲ್ಲಿ ಬರೆದು ಗೆಳತಿಯ ಕೈಗೆ ಕೊಡು. ರಾತ್ರಿ ಹತ್ತರ ಮೇಲೆ ಮೀಟರಿನ ಒಂದೂವರೆ ಪಟ್ಟು, ಅದಕ್ಕೆ ಜಗಳ ಬೇಡ. ಯಾರಾದರೂ ಹಿಂದೆ ಬಂದರೆ ಮನೆಗೆ ಹೋಗಬೇಡ, ದೀಪ ಉರಿಯುವ ಯಾರ ಮನೆಯ ಬಾಗಿಲಾದರೂ ತಟ್ಟು. ಕೊನೆಯ ಮಾತನ್ನು ಆಕೆ ಎರಡು ಸಲ ಹೇಳುತ್ತಿದ್ದರು. ಹಿಂಬಾಲಿಸುವವನಿಗೆ ನಿನ್ನ ಮನೆ ತೋರಿಸಿದರೆ ನಾಳೆಯೂ ಬರುತ್ತಾನೆ ಎಂಬುದು ಅದರ ಅರ್ಥ. ಆಕೆ ಶಾಲೆಗೆ ಹೋದವರಲ್ಲ. ಇಂದು ಪೊಲೀಸರು ಅಚ್ಚು ಹಾಕಿಸಿ ಹಂಚುವ ಸೂಚನೆಗಳಲ್ಲಿ ಇದಕ್ಕಿಂತ ಹೆಚ್ಚಿನದು ನನಗೇನೂ ಕಂಡಿಲ್ಲ.

ಆದರೆ ಪಾಠ ಕಲಿತವರಿಗೆಲ್ಲ ಅದು ಒದಗಿ ಬರಲಿಲ್ಲ. 1983ರಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕೋಲಾರದ ಕಡೆಯ ಗೆಳತಿಯೊಬ್ಬಳ ಹಿಂದೆ ಒಬ್ಬ ಬಿದ್ದ. ದಿನವೂ ಅದೇ ಬಸ್ಸು, ಅದೇ ಸ್ಟಾಪು, ಹತ್ತು ಹೆಜ್ಜೆ ಹಿಂದೆ. ಮುಟ್ಟಲಿಲ್ಲ, ಮಾತಾಡಲಿಲ್ಲ. ಅವಳು ಮೇಲಿನವರಿಗೆ ಹೇಳಿದಳು. ಅದು ಆಸ್ಪತ್ರೆಯ ಗೇಟಿನ ಹೊರಗಿನ ವಿಷಯ ಎಂದರು. ಠಾಣೆಗೆ ಹೋದಳು. ಅವನು ಏನು ಮಾಡಿದ ಎಂದು ಕೇಳಿದರು. ಹಿಂದೆ ಬರುತ್ತಾನೆ ಎಂದಳು. ರಸ್ತೆಯಲ್ಲಿ ನಡೆಯಬೇಡ ಎಂದು ಹೇಳಲಾಗುತ್ತದೆಯೇ ಎಂದರು. ಆ ಹೊತ್ತಿನಲ್ಲಿ ನೀನು ಯಾಕೆ ಹೊರಗಿರುತ್ತೀ ಎಂದೂ ಕೇಳಿದರು. ಮೂರು ತಿಂಗಳಿಗೆ ಅವಳ ಮನೆಯವರು ಕೆಲಸ ಬಿಡಿಸಿದರು. ಕೈಗುಣ ಇದ್ದ ಹುಡುಗಿ. ಮಗುವಿನ ನರ ಸಿಗದೆ ಡಾಕ್ಟರು ಕೈಚೆಲ್ಲಿದಾಗ ಸೂಜಿ ಹಾಕುತ್ತಿದ್ದವಳು. ಆಮೇಲೆ ಬಹಳ ವರ್ಷ ಮನೆಯಲ್ಲಿ ರವಿಕೆ ಹೊಲಿದುಕೊಂಡಿದ್ದಳು. ಅವಳು ಕೇಳಿದ ದೂರಿಗೆ ನಮ್ಮ ದಂಡ ಸಂಹಿತೆಯಲ್ಲಿ ಒಂದು ಕಲಂ ಬಂದದ್ದು 2013ರಲ್ಲಿ, ದೆಹಲಿಯ ಬಸ್ಸಿನಲ್ಲಿ 2012ರ ಡಿಸೆಂಬರ್ 16ರ ರಾತ್ರಿ ನಡೆದ ಘೋರ ಕೃತ್ಯದ ಮೇಲೆ, ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿ ಬಂದ ಮೇಲೆ. ಹೆಂಗಸನ್ನು ಬೆನ್ನಟ್ಟಿ ಕಾಡುವುದು ಈಗ ಅಪರಾಧ; 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಂ. ಯಾವ ಠಾಣೆಗೆ ಹೋದರೂ, ಸರಹದ್ದು ನಮ್ಮದಲ್ಲ ಎನ್ನದೆ ದೂರು ಬರೆದುಕೊಳ್ಳಬೇಕೆಂಬುದೂ ಈಗ ಕಾನೂನು. ಒಂದು ದೂರಿಗೆ ಹೆಸರು ಸಿಗಲು ಮೂವತ್ತು ವರ್ಷ. ಅಷ್ಟರಲ್ಲಿ ಅವಳ ಸರ್ವೀಸಿನ ವಯಸ್ಸೇ ಮುಗಿಯುತ್ತ ಬಂದಿತ್ತು.

ಅವಳು ಹೋದ ಮೇಲೆ ನಾವು ಸುಮ್ಮನಿರಲಿಲ್ಲ. ಎರಡನೆಯ ಪಾಳಿಯವರನ್ನು ಮನೆ ಮುಟ್ಟಿಸಲು ಗಾಡಿ ಬೇಕು ಎಂದು ಅರ್ಜಿ ಬರೆದು ನಲವತ್ತು ಜನ ಸಹಿ ಹಾಕಿದೆವು. ಎರಡು ವರ್ಷ ಓಡಾಡಿಸಿ, ಕೊನೆಗೆ ಒಂದು ಹಳೆಯ ಮೆಟಡೋರ್ ಕೊಟ್ಟರು. ಗಾಡಿ ಬಂದ ಮೊದಲ ವಾರವೇ ಹೊಸ ತಕರಾರು ಹುಟ್ಟಿತು. ಕೊನೆಯಲ್ಲಿ ಇಳಿಯುವವಳು ಯಾರು? ಡ್ರೈವರ್ ಒಳ್ಳೆಯವನೇ. ಆದರೂ ಒಬ್ಬಳೇ ಗಾಡಿಯಲ್ಲಿ ಉಳಿದು, ಕಾಣದ ದಾರಿಯಲ್ಲಿ ಹೋಗುವ ಆ ಹತ್ತು ನಿಮಿಷ ಯಾರಿಗೂ ಬೇಡವಾಗಿತ್ತು. ಮಾತಾಡಿ ಮಾತಾಡಿ ಒಂದು ಕಟ್ಟು ಮಾಡಿಕೊಂಡೆವು. ವಯಸ್ಸಾದ ವಾಚ್‌ಮನ್ ಒಬ್ಬರು ಗಾಡಿಯಲ್ಲಿ ಹೋಗಿ ಅದೇ ಗಾಡಿಯಲ್ಲಿ ಹಿಂತಿರುಗುವುದು. ಕೊನೆಯವಳ ಮನೆಯ ದೀಪ ಹೊತ್ತಿದ ಮೇಲೆಯೇ ಗಾಡಿ ತಿರುಗಿಸುವುದು.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಂಗಸರಿಂದ ರಾತ್ರಿ ಕೆಲಸ ಮಾಡಿಸಬಾರದು ಎನ್ನುತ್ತಿತ್ತು. 1948ರ ಕಾರ್ಖಾನೆಗಳ ಕಾಯ್ದೆಯೂ ಅದನ್ನೇ ಹೇಳುತ್ತಿತ್ತು. ನರ್ಸುಗಳ ವಿಷಯಕ್ಕೆ ಬಂದಾಗ ಮಾತ್ರ ಯಾವ ಕಾಯ್ದೆಗೂ ಕರುಣೆ ಉಕ್ಕಲಿಲ್ಲ. ರೋಗಿಗೆ ರಾತ್ರಿಯೂ ಶುಶ್ರೂಷೆ ಬೇಕಲ್ಲ! ಹಾಗಾಗಿ ನಾವು ರಾತ್ರಿ ದುಡಿದೆವು, ನಿಷೇಧವೂ ಇಲ್ಲದೆ ರಕ್ಷಣೆಯೂ ಇಲ್ಲದೆ. 2002ರಲ್ಲಿ ಕಂಪ್ಯೂಟರ್ ಕಂಪನಿಗಳಿಗಾಗಿ ಆ ಕಾಯ್ದೆಗೆ ತಿದ್ದುಪಡಿಯಾಗಿ ಹೆಂಗಸರ ರಾತ್ರಿಪಾಳಿಗೆ ದಾರಿ ತೆರೆಯಿತು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಒಂದರ ಯುವತಿಯನ್ನು, ಕಂಪನಿಯ ಗಾಡಿ ಎಂದು ನಂಬಿಸಿ ಕರೆದೊಯ್ದ ಡ್ರೈವರನೊಬ್ಬ ಕೊಂದ. ಊರು ಬೆಚ್ಚಿಬಿತ್ತು. ರಾತ್ರಿಪಾಳಿಯ ನಿಯಮಗಳನ್ನು ಓದಿ ನೋಡಿದರೆ ಅದರಲ್ಲಿ ಹೀಗಿದೆ: ಡ್ರೈವರನ ಪೂರ್ವಾಪರ ವಿಚಾರಿಸಿರಬೇಕು, ಕಾವಲಿನ ವ್ಯವಸ್ಥೆ ಇರಬೇಕು, ಯಾವ ಹೆಂಗಸೂ ಮೊದಲು ಹತ್ತುವವಳಾಗಿ ಕೊನೆಗೆ ಇಳಿಯುವವಳಾಗಿ ಇರದಂತೆ ದಾರಿ ಹಾಕಬೇಕು. ಓದಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಇದು ನಮ್ಮ ಮೆಟಡೋರಿನ ಕಟ್ಟಲ್ಲವೇ? ನಮ್ಮನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಇಪ್ಪತ್ತು ವರ್ಷ ಮೊದಲೇ ಹೇಳುತ್ತಿದ್ದೆವು.

ಇಷ್ಟೆಲ್ಲ ಆದ ಮೇಲೂ ಹಳೆಯ ಬಾಗಿಲಿನ ಬುದ್ಧಿ ಆಗಾಗ ತಲೆಯೆತ್ತುತ್ತದೆ. 2016ರ ಡಿಸೆಂಬರ್ 31ರ ರಾತ್ರಿ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೊಸ ವರ್ಷದ ಗುಂಪಿನ ನಡುವೆ ಹುಡುಗಿಯರನ್ನು ಎಳೆದಾಡಿದ ಸುದ್ದಿ ಬಂದಾಗ, ಅಧಿಕಾರದಲ್ಲಿದ್ದವರೇ ಹುಡುಗಿಯರ ಉಡುಪಿನ ಮಾತು ಎತ್ತಿದರು. ಅಲ್ಲಿ ಬೆಳಕಿತ್ತು, ಜನರಿದ್ದರು, ಪೊಲೀಸರೂ ಇದ್ದರು. ಹಾಗಾದರೆ ನಾನು ಹೇಳಿದ ಜೊತೆಯ ಮಾತು ಸುಳ್ಳಾಯಿತೇ? ಬಹಳ ದಿನ ಯೋಚಿಸಿದೆ. ಕರಗದ ರಾತ್ರಿಯ ಗುಂಪಿನಲ್ಲಿ ಅಜ್ಜಿ ಇದ್ದಾಳೆ, ಮಗು ಇದೆ, ಹೂ ಮಾರುವವಳು ಇದ್ದಾಳೆ, ಗುರುತಿನ ಮುಖ ಇದೆ. ಗಂಡಸರೇ ತುಂಬಿ, ಕುಡಿದು, ಒಬ್ಬರಿಗೊಬ್ಬರು ಗುರುತಿಲ್ಲದೆ ಸೇರಿದ ಜಂಗುಳಿ ಜೊತೆಯಲ್ಲ. ನೂಕುನುಗ್ಗಲು ಬೇರೆ, ಜೊತೆ ಬೇರೆ. ಹೆಂಗಸರು ಕಡಿಮೆಯಾದಷ್ಟೂ ಬೀದಿ ಹೆದರಿಸುತ್ತದೆ. ಬೀದಿ ಹೆದರಿಸಿದಷ್ಟೂ ಹೆಂಗಸರು ಕಡಿಮೆಯಾಗುತ್ತಾರೆ. ಈ ಗಾಣವನ್ನು ಎಲ್ಲಿಯಾದರೂ ನಿಲ್ಲಿಸಬೇಕು.

ಬೆಂಗಳೂರಿನಲ್ಲೇ 2003ರಲ್ಲಿ ಶುರುವಾದ 'ಬ್ಲ್ಯಾಂಕ್ ನಾಯ್ಸ್' ಎಂಬ ಗುಂಪು ಅದನ್ನು ತನ್ನದೇ ರೀತಿಯಲ್ಲಿ ಮಾಡಿ ನೋಡಿತು. ಹೆಂಗಸರು ಪಾರ್ಕಿನಲ್ಲಿ ಸುಮ್ಮನೆ ಮಲಗಿ ಒಂದು ನಿದ್ದೆ ತೆಗೆಯುವುದು, ಅಷ್ಟೇ. ಕೇಳಿದವರು ನಕ್ಕರು. ಗಂಡಸರು ಕಬ್ಬನ್ ಪಾರ್ಕಿನಲ್ಲಿ ಮಲಗುತ್ತಿರುವಾಗ ಯಾರೂ ನಕ್ಕಿರಲಿಲ್ಲ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣ ಇಲ್ಲವಾಯಿತು. ಅದರ ಖರ್ಚುವೆಚ್ಚದ ವಾದ ನನಗೆ ತಿಳಿಯದು. ನಾನು ಕಂಡದ್ದು, ರಾತ್ರಿ ಒಂಬತ್ತರ ಬಸ್ಸಿನಲ್ಲಿ ಮೊದಲು ನಾನೊಬ್ಬಳೇ ಇರುತ್ತಿದ್ದ ಕಡೆ ಈಗ ಹದಿನೈದು ಸೆರಗುಗಳು. ಒಬ್ಬಳು ಇನ್ನೊಬ್ಬಳಿಗೆ ಕಾವಲು.

ಅರುಣಾ ಶಾನಭಾಗ ಸುಮಾರು 42 ವರ್ಷ ಅದೇ ಆಸ್ಪತ್ರೆಯಲ್ಲಿದ್ದು 2015ರ ಮೇ 18ರಂದು ತೀರಿಕೊಂಡರು. ಅಷ್ಟೂ ವರ್ಷ ಅವರನ್ನು ಮಗುವಿನಂತೆ ನೋಡಿಕೊಂಡದ್ದು ಅಲ್ಲಿನ ನರ್ಸುಗಳು. ಅದೇ ವರ್ಷ ನಾನು ನಿವೃತ್ತಳಾದೆ. ಒಂಬತ್ತು ವರ್ಷದ ಮೇಲೆ, 2024ರ ಆಗಸ್ಟ್ 9ರಂದು, ಕೊಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ಆಗಸ್ಟ್ 14ರ ಮಧ್ಯರಾತ್ರಿ ಬಂಗಾಳದ ಊರೂರುಗಳಲ್ಲಿ ಹೆಂಗಸರು ರಾತ್ರಿ ನಮ್ಮದೂ ಹೌದು ಎಂದು ಬೀದಿಗೆ ಬಂದರು. 1973ರಲ್ಲಿ ನಮ್ಮ ಊರಿನವರು ಮಗಳನ್ನು ಕಳಿಸಬೇಡಿ ಎಂದಿದ್ದರು. ಈ ಸಲ ತಾಯಂದಿರು ಮಗಳ ಕೈ ಹಿಡಿದು ತಾವೂ ಹೊರಗೆ ಬಂದಿದ್ದರು. ಐವತ್ತು ವರ್ಷಗಳಲ್ಲಿ ಆದ ಬದಲಾವಣೆ ಇದು. ಕೊಲ್ಲುವವರು ಬದಲಾಗಿಲ್ಲ ಎಂಬುದೂ ನಿಜ.

ಹೋದ ವರ್ಷ ನನ್ನ ತಮ್ಮನ ಮಗಳಿಗೆ ಬೆಂಗಳೂರಿನಲ್ಲಿ ರಾತ್ರಿಪಾಳಿಯ ಕೆಲಸ ಸಿಕ್ಕಿತು. ತಮ್ಮ ಫೋನು ಮಾಡಿ, "ಅಕ್ಕ, ನೀನೇ ಅವಳಿಗೆ ಬೇಡ ಅಂತ ಹೇಳು, ನಿನ್ನ ಮಾತು ಕೇಳ್ತಾಳೆ" ಎಂದ. ನಾನು ಬೇಡ ಎನ್ನಲಿಲ್ಲ. ಹುಡುಗಿಯನ್ನು ಕೂರಿಸಿಕೊಂಡು ಆಯಾ ಹೇಳಿದ ಪಾಠವನ್ನೇ ಈ ಕಾಲಕ್ಕೆ ತಿದ್ದಿ ಹೇಳಿದೆ. ಗಾಡಿ ಬಂದರೆ ನಂಬರು, ಡ್ರೈವರನ ಮುಖ ಎರಡೂ ಫೋನಿನಲ್ಲಿರುವುದರೊಂದಿಗೆ ತಾಳೆ ನೋಡು. ನಿನ್ನ ಹೆಸರು ನೀನು ಹೇಳಬೇಡ, ಅವನೇ ಹೇಳಲಿ. ದಾರಿಯನ್ನು ಗೆಳತಿಗೂ ಮನೆಗೂ ಕಾಣುವಂತೆ ಕಳಿಸು. ಮೆಟ್ರೋ ಇರುವ ಹೊತ್ತಿಗೆ ಹೊರಡುವುದಾದರೆ ಮೆಟ್ರೋ. ಫೋನಿನ ಚಾರ್ಜು ಕೊನೆಯ ಹತ್ತಕ್ಕೆ ಇಳಿಸಬೇಡ. 112 ಕ್ಕೆ ಕರೆ ಮಾಡಲು ನಾಚಬೇಡ, ಏನೂ ಆಗದಿದ್ದರೆ ಒಳ್ಳೆಯದೇ ಆಯಿತು. ಗೆಳತಿಯರೊಂದಿಗೆ ಊಟಕ್ಕೆ, ಸಿನೆಮಾಕ್ಕೆ ಹೋದರೆ ಜೊತೆಗೆ ಹೋದವರು ಜೊತೆಗೇ ಹೊರಡಿ, ನಿನ್ನ ಲೋಟದ ಮೇಲೆ ನಿನ್ನದೇ ಕಣ್ಣಿರಲಿ. ಹಿಂಬಾಲಿಸುವವನಿಗೆ ಮನೆ ತೋರಿಸಬೇಡ.

ಹುಡುಗಿ ಎಲ್ಲ ಕೇಳಿಸಿಕೊಂಡು, "ಅತ್ತೆ, ಇಷ್ಟೆಲ್ಲ ನಾನೇ ಮಾಡಬೇಕಾ? ಅವರು ಏನು ಮಾಡ್ತಾರೆ?" ಎಂದಳು.

ಸರಿಯಾದ ಪ್ರಶ್ನೆ. ಎಚ್ಚರಿಕೆ ನಮ್ಮ ಕೈಯಲ್ಲಿದೆ, ಹೊಣೆ ಎಲ್ಲವೂ ನಮ್ಮ ತಲೆಯ ಮೇಲಲ್ಲ. ಎಚ್ಚರ ತಪ್ಪಿದವಳ ಮೇಲೆ ಕೈ ಮಾಡಲು ಯಾರಿಗೂ ಪರವಾನಗಿ ಇಲ್ಲ. ನಾನು ಅವಳಿಗೆ ಮೆಟಡೋರಿನ ಕಥೆ ಹೇಳಿ, ಕೆಲಸಕ್ಕೆ ಸೇರುವ ದಿನ ಕಂಪನಿಯವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಸಿದೆ. ಗಾಡಿ ಯಾರದು, ಡ್ರೈವರ್ ಯಾರು, ಕಾವಲಿಗೆ ಯಾರು, ದೂರು ಕೊಟ್ಟರೆ ಯಾರು ಕೇಳುತ್ತಾರೆ, ಕೊನೆಗೆ ಇಳಿಯುವವಳು ಯಾರು. ಅವಳು ಕೇಳಿದಳಂತೆ. ಮೊದಲನೆಯ ನಾಲ್ಕಕ್ಕೆ ಉತ್ತರ ಕೂಡಲೇ ಸಿಕ್ಕಿತಂತೆ. ಐದನೆಯದಕ್ಕೆ, ಇದುವರೆಗೆ ಯಾರೂ ಕೇಳಿರಲಿಲ್ಲ, ನೋಡಿ ಹೇಳುತ್ತೇವೆ ಎಂದರಂತೆ. ಉತ್ತರ ಬಂದ ಮೇಲೆ ಸೇರು ಎಂದು ಹೇಳಿದೆ. ನಾಲ್ಕು ದಿನಕ್ಕೆ ಬಂತು. ಸೇರಿದಳು.